ಹುಣಸೆಹುಳಿ ಬೇಯಿಸಿದ ಪೀಪಾಯಿ

ಹುಳಿನೀರು ಹೆಚ್ಚು ಕಾದಷ್ಟೂ ಹೆಚ್ಚು ಹುಳಿಯಾಗುತ್ತದೆ ಎಂದು ನನ್ನ ಅಣ್ಣ ನಂಬಿದ್ದ. ಆಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಆ ವರ್ಷವೆಲ್ಲ ನಮ್ಮಿಬ್ಬರಿಗೂ ಇದೇ ಜಗಳ. ಅದರಲ್ಲಿ ನಾನೇ ಸರಿ, ಇವತ್ತಿಗೂ ಸರಿ. ಆದರೆ ಈಗ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ರೇಷ್ಮೆಗೆ ಬಣ್ಣ ಹಾಕುವ ಮನೆತನ. ಮಗ್ಗದವರು ರೇಷ್ಮೆ ನೂಲಿನ ಲಡಿಗಳನ್ನು ತಂದುಕೊಡುತ್ತಿದ್ದರು, ನಾವು ಬಣ್ಣ ಹಾಕಿ ಒಣಗಿಸಿ ಕೊಡುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಬಣ್ಣದ ಮನೆ ಅಣ್ಣನ ಪಾಲಿಗೆ ಬಂತು, ಓದು ನನ್ನ ಪಾಲಿಗೆ. ಬೆಂಗಳೂರಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ, ಶನಿವಾರ ರೈಲು ಹತ್ತಿ ಊರಿಗೆ ಬರುತ್ತಿದ್ದೆ. ರಸಾಯನಶಾಸ್ತ್ರಕ್ಕಿಂತ ಕಾಲೇಜಿನ ಚರ್ಚಾಕೂಟದ ಹುಚ್ಚೇ ನನಗೆ ಹೆಚ್ಚು. ಅಲ್ಲಿ ಚೀಟಿ ಎತ್ತಿದ ಮೇಲಷ್ಟೇ ನಾವು ಪರವೋ ವಿರೋಧವೋ ಎಂದು ಗೊತ್ತಾಗುತ್ತಿತ್ತು. ಯಾವ ಕಡೆ ಬಂದರೂ ನಿಂತು ಗೆಲ್ಲಬೇಕು. ನಾನು ಗೆಲ್ಲುತ್ತಿದ್ದೆ.

ಬಣ್ಣದ ಪುಡಿ ನೀರಿನಲ್ಲಿ ಕರಗಿದರೆ ಸಾಲದು, ರೇಷ್ಮೆ ಅದನ್ನು ಹಿಡಿಯಬೇಕಾದರೆ ಹುಳಿ ಬೇಕು. ಅದಕ್ಕೆ ಬರುತ್ತಿದ್ದ ಆಸಿಡ್ ಸೀಸೆಗಳು ಎರಡನೇ ಮಹಾಯುದ್ಧ ಶುರುವಾದ ಮೇಲೆ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋದವು. ಅಣ್ಣ ಹುಣಸೆಹಣ್ಣು ಹಿಡಿದ. ಹುಣಸೆನೀರಿನಲ್ಲಿ ಹಾಕಿದ ಕೆಂಪು ಮೊದಲನೆಯ ಒಗೆತಕ್ಕೇ ಬಿಡುತ್ತಿತ್ತು. ಮಗ್ಗದವರು ಬಂದು ಜಗಲಿಯ ಮೇಲೆ ಕೂತು, ಏನೂ ಹೇಳದೆ, ಬಣ್ಣ ಬಿಟ್ಟ ಲಡಿಯನ್ನು ಮುಂದೆ ಇಟ್ಟು ಎದ್ದು ಹೋಗುತ್ತಿದ್ದರು. ಬೈದಿದ್ದರೆ ಅಣ್ಣನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಅವನು ಬೆಂಗಳೂರಿನ ಗುಜರಿಯಿಂದ ಆ ಪೀಪಾಯಿ ತಂದ. ಮಿಲಿಟರಿಯವರು ಬಿಸಾಡಿದ್ದು. ದಪ್ಪ ಕಬ್ಬಿಣ, ಮೊಣಕಾಲೆತ್ತರ, ಬಾಯಿಗೆ ತಿರುಗಿಸಿ ಬಿಗಿಯುವ ಮುಚ್ಚಳ, ಮುಚ್ಚಳದ ಪಕ್ಕದಲ್ಲಿ ಹಬೆ ಹೋಗಲು ಕಿರುಬೆರಳುದ್ದದ, ಪೊರಕೆಕಡ್ಡಿ ತೂರುವಷ್ಟೇ ತೂತಿನ ಮೂತಿ. ಆಸ್ಪತ್ರೆಯಲ್ಲಿ ಗಾಯದ ಬಟ್ಟೆ ಬೇಯಿಸುತ್ತಿದ್ದದ್ದು ಎಂದು ಗುಜರಿಯವನು ಹೇಳಿದನಂತೆ. ಅದರಲ್ಲಿ ಹುಣಸೆಹಣ್ಣು, ನೀರು ತುಂಬಿ, ಮುಚ್ಚಳ ಬಿಗಿದು, ಕೆಳಗೆ ಬೆಂಕಿ ಹಾಕಿದರೆ ಮೂತಿಯಿಂದ ಹಬೆ ಸುಯ್ ಎಂದು ಸಣ್ಣದಾಗಿ ಹೊರಡುತ್ತಿತ್ತು. ಕೆಳಗಿನ ಬೆಂಕಿ ಹೊರಗೆಳೆದ ಮೇಲೆ ಆ ಸದ್ದು ಇಳಿಯುತ್ತ ಬಂದು ನಿಲ್ಲುತ್ತಿತ್ತು. ನಿಂತ ಮೇಲೆಯೇ ಮುಚ್ಚಳ ಬಿಚ್ಚುವುದು. ಇದೊಂದೇ ನಿಯಮ.

"ಮೂತಿ ಉಸಿರಾಡ್ತಿರೋವರೆಗೂ ಮುಚ್ಚಳ ಮುಟ್ಬೇಡ," ಎಂದು ಅಣ್ಣ ಅತ್ತಿಗೆಗೆ ಹೇಳಿಕೊಟ್ಟಿದ್ದ. ಪೀಪಾಯಿಯ ಬೆಂಕಿ ನೋಡಿಕೊಳ್ಳುತ್ತಿದ್ದವಳು ಅವಳೇ. ಸಾಸಲಿನ ಕಡೆಯವಳು, ಮಾತು ಕಡಿಮೆ, ಆದರೆ ಹೇಳಿದ್ದನ್ನು ಮರೆಯುವವಳಲ್ಲ.

ಆ ಪೀಪಾಯಿಯ ಹುಳಿಯಲ್ಲಿ ಹಾಕಿದ ಕೆಂಪು ನಿಂತಿತು. ಹಳದಿಗೆ ಅದು ಆಗಿಬರಲಿಲ್ಲ. ಹುಳಿ ಕಬ್ಬಿಣವನ್ನು ತಿಂದು ಹಳದಿ ಮಂಕಾಗುತ್ತಿತ್ತು. ಕೆಂಪು ಮಾತ್ರ ಗಾಢವಾಗಿ, ಸ್ವಲ್ಪ ಕಪ್ಪು ತಿರುಗಿ, ಒಗೆದರೂ ಬಿಡದೆ ಕೂತಿತು. ಮಗ್ಗದವರು ಮತ್ತೆ ಬಂದರು. ಅಣ್ಣ ಗೆದ್ದವನ ಹಾಗೆ ನನ್ನನ್ನು ನೋಡಿದ.

"ಏನಪ್ಪಾ ಕಾಲೇಜು, ಈಗೇನಂತೀಯ? ಬಿಗಿದು ಕುದಿಸಿದ್ರೆ ಹುಳಿಗೆ ಶಕ್ತಿ ಬರುತ್ತೆ ಅಂದೆ, ಬಂತೋ ಇಲ್ವೋ?"

"ಶಕ್ತಿ ಬರ್ಲಿಲ್ಲ ಕಣಣ್ಣ. ಹಣ್ಣಿನಲ್ಲಿರೋ ಹುಳಿ ಪೂರ್ತಿ ಇಳೀತು. ಮೊದಲು ಅರ್ಧ ಸಿಪ್ಪೆಲೇ ಉಳೀತಿತ್ತು. ಹೆಚ್ಚು ಹುಳಿ ಸಿಗೋದು ಬೇರೆ, ಹುಳಿ ಜೋರಾಗೋದು ಬೇರೆ."

"ಎರಡಕ್ಕೂ ಏನ್ ವ್ಯತ್ಯಾಸ?"

ನಾನು ಹೇಳಿದೆ. ತೆರೆದ ಹಂಡೆಯಲ್ಲಿ ನೀರು ಕುದಿಯುವ ಬಿಸಿಗಿಂತ ಮೇಲೆ ಏರುವುದಿಲ್ಲ. ಬಿಗಿದು ಒತ್ತಡ ಕೊಟ್ಟರೆ ಕುದಿಯದೆಯೇ ಇನ್ನೂ ಮೇಲೆ ಏರುತ್ತದೆ. ಅಲ್ಲಿಯವರೆಗೆ ಅಣ್ಣ ಸರಿ. ಆದರೆ ಹುಣಸೆಯ ಹುಳಿ, ಹೆಂಡ ಕೆಟ್ಟಾಗ ಬರುವ ಹುಳಿ, ಇವೆಲ್ಲ ಮೆತ್ತನೆಯ ಆಮ್ಲಗಳು. ನೀರಿನಲ್ಲಿ ಅವುಗಳ ಕಣಗಳಲ್ಲಿ ಕೆಲವೇ ಕೆಲವು ಒಡೆದು ಹುಳಿಯ ಅಂಶವನ್ನು ಹೊರಗೆ ಬಿಡುತ್ತವೆ, ಉಳಿದವು ಇಡಿಯಾಗಿಯೇ ಇರುತ್ತವೆ. ಬಿಸಿ ಕೊಟ್ಟರೆ ಒಂದು ಹದದವರೆಗೆ ಇನ್ನಷ್ಟು ಬಿಟ್ಟಾವು. ಆ ಹದ ದಾಟಿದರೆ ತಿರುಗಿಕೊಳ್ಳುತ್ತವೆ. ಬಿಸಿ ಏರಿದಷ್ಟೂ ಬಿಡುವುದು ಕಡಿಮೆ, ಹಿಡಿದಿಟ್ಟುಕೊಳ್ಳುವುದು ಹೆಚ್ಚು. ನಮ್ಮ ಮೇಷ್ಟ್ರು ಇದನ್ನು ಹೇಳಿದ ದಿನ ನಾನೂ ನಂಬಿರಲಿಲ್ಲ. ತರಗತಿ ಮುಗಿದ ಮೇಲೂ ಅವರನ್ನು ಬಿಡದೆ ವಾದಿಸಿ, ಅವರು ಮುಚ್ಚಿದ ಪಾತ್ರೆಯಲ್ಲಿ ವಿದ್ಯುತ್ ಹರಿಸಿ ಅಳೆಯುವ ಕ್ರಮವನ್ನು ಹಂತಹಂತವಾಗಿ ವಿವರಿಸಿದ ಮೇಲೆ ಸೋತು ಒಪ್ಪಿದ್ದೆ.

ಅಣ್ಣ ತಣ್ಣಗಾದ ಹುಳಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಕಿವುಚಿದ. "ನನ್ ನಾಲಿಗೆ ಸುಳ್ಳು ಹೇಳುತ್ತಾ?"

"ತಣ್ಣಗಾದ ಮೇಲೆ ನೆಕ್ಕಿದ್ರೆ ಬಿಸೀಲಿದ್ದಾಗ ಹೆಂಗಿತ್ತು ಅಂತ ನಾಲಿಗೆಗೆ ಏನ್ ಗೊತ್ತು?"

"ಹಂಗಾದ್ರೆ ಬಿಸೀಲೇ ನೆಕ್ಕು ಹೋಗು. ಮುಚ್ಚಳ ತೆಗೀತೀನಿ, ಮೂತಿ ಇಟ್ಟು ನೋಡ್ಕೊಂಡ್ ಬಾ."

ಅವ್ವ ಒಳಗಿನಿಂದ ನಕ್ಕಳು. "ಇಬ್ರೂ ಒಂದೇ ಬಸುರಲ್ಲಿ ಹುಟ್ಟಿದ್ದು ಅಂತ ಯಾರಾದ್ರೂ ಅಂತಾರಾ! ಬನ್ರೋ, ಮುದ್ದೆ ಆರೋಗ್ತದೆ."

ಅವ್ವನ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಹಬೆ ಹೊರಗೆ ಹೋಗುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅವರೆಕಾಳು ಬೇಯಲಿ, ಕಡುಬು ಬೇಯಲಿ, ಮುಚ್ಚಳದ ಸುತ್ತ ಕಲಸಿದ ರಾಗಿಹಿಟ್ಟು ಮೆತ್ತಿಬಿಡುತ್ತಿದ್ದಳು. ನಮ್ಮ ಬೀದಿಯ ಹೆಂಗಸರೆಲ್ಲ ಮಾಡುತ್ತಿದ್ದದ್ದೇ. ಯುದ್ಧದ ಕಾಲದಲ್ಲಿ ಸೌದೆ ಸಿಗುವುದು ಕಷ್ಟವಾದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. "ಹಬೆ ಹೋಯ್ತು ಅಂದ್ರೆ ಸೌದೆ ಹೋಯ್ತು," ಎನ್ನುತ್ತಿದ್ದಳು. ಆ ಮಾತಿನಲ್ಲಿ ನನಗೂ ತಪ್ಪು ಕಾಣುತ್ತಿರಲಿಲ್ಲ. ಭೌತಶಾಸ್ತ್ರದ ಪ್ರಕಾರವೂ ಅದು ಸರಿಯೇ.

ಒಂದು ಶನಿವಾರ ನಾನು ರೈಲಿಳಿದು ಬಂದಾಗ ಮನೆಯ ಮುಂದೆ ಜನ ನಿಂತಿದ್ದರು. ಬೆಳಿಗ್ಗೆ ಪೀಪಾಯಿಯ ಮುಚ್ಚಳ ಬಿಚ್ಚುವಾಗ ಹುಳಿನೀರೆಲ್ಲ ಹಾರಿ ಅಣ್ಣನ ಮುಖಕ್ಕೆ ಹೊಡೆದಿತ್ತು. ಆಸ್ಪತ್ರೆಗೆ ಹೋದೆ. ತಲೆಯಿಂದ ಕತ್ತಿನವರೆಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಬರೀ ಬಿಸಿನೀರಾಗಿದ್ದರೆ ಏನಾದರೂ ಉಳಿಯುತ್ತಿತ್ತೇನೋ, ಹುಳಿಯೂ ಸೇರಿಕೊಂಡಿತು ಎಂದರು ಡಾಕ್ಟರು. ಎರಡು ಕಣ್ಣೂ ಹೋಗಿದ್ದವು.

ಏನಾಯಿತು ಎಂದು ಊರಿಗೆ ಊರೇ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಅತ್ತಿಗೆ ಆ ಮೂರು ದಿನ ಹೊರಗೆ ಕೂತಿದ್ದಳು. ತಿಂಗಳ ಆ ದಿನಗಳಲ್ಲಿ ನಮ್ಮ ಮನೆಯ ಹೆಂಗಸರಿಗೆ ದನದ ಕೊಟ್ಟಿಗೆಯ ಮೂಲೆಯೇ ಗತಿ. ಅಲ್ಲೇ ಊಟ, ಅಲ್ಲೇ ನಿದ್ದೆ. ಅದರಲ್ಲೂ ಬಣ್ಣದ ಮನೆಯ ಹೊಸಿಲು ದಾಟುವ ಹಾಗೇ ಇಲ್ಲ, ದಾಟಿದರೆ ಬಣ್ಣ ಒಡೆಯುತ್ತದೆ ಎಂದು ನಂಬಿಕೆ. ಅಣ್ಣನ ಕೂಗು ಕೇಳಿ ಅಕ್ಕಪಕ್ಕದವರು ಓಡಿ ಬಂದಾಗ ಅತ್ತಿಗೆ ಬಣ್ಣದ ಮನೆಯೊಳಗೆ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಡದ ನೀರು ಸುರಿಯುತ್ತಿದ್ದಳು. ಅವರು ನೋಡಿದ್ದು ಇಷ್ಟು. ಹೊರಗಾದವಳು ಒಳಗಿದ್ದಳು, ಗಂಡನ ಕಣ್ಣು ಹೋಗಿತ್ತು.

"ಮುಟ್ಬಾರ್ದು ಅನ್ನೋದು ನೆನಪೇ ಆಗ್ಲಿಲ್ಲ ಕಣಪ್ಪಾ," ಎಂದಳು ಅತ್ತಿಗೆ ನನಗೆ. ಬೇರೆ ಯಾರಿಗೂ ಏನೂ ಹೇಳಿರಲಿಲ್ಲ.

ದೊಡ್ಡಬೆಳವಂಗಲದಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಅಪ್ಪ ಹೋದ ಮೇಲೆ ಮನೆಗೆ ಹಿರಿಯರು. ಎರಡು ಮಾತಿನಲ್ಲಿ ಮುಗಿಸಿದರು: ಹುಡುಗ ಆಸ್ಪತ್ರೆಯಿಂದ ಬರಲಿ, ಬಂದ ಮೇಲೆ ಅವಳ ಅಣ್ಣನನ್ನು ಸಾಸಲಿನಿಂದ ಕರೆಸಿ ಅವಳನ್ನು ಕಳಿಸಿಬಿಡುವುದು. ಹೋದವಳು ಮತ್ತೆ ಬರುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವ್ವನೂ ತಡೆಯಲಿಲ್ಲ. "ಒಳಗೆ ಬರ್ಬಾರ್ದಿತ್ತು ಅವ್ಳು," ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು.

ನಾನು ಬಣ್ಣದ ಮನೆಗೆ ಹೋದೆ. ಪೀಪಾಯಿ ಪಕ್ಕಕ್ಕೆ ಉರುಳಿತ್ತು. ಮುಚ್ಚಳದ ತಿರುಪು ಸರಿಯಾಗೇ ಇತ್ತು, ಕಬ್ಬಿಣ ಎಲ್ಲೂ ಸೀಳಿರಲಿಲ್ಲ. ಒಳಗೆ ಹುಳಿ ತಿಂದು ತಿಂದು ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಪೀಪಾಯಿ ಸಿಡಿದಿಲ್ಲ, ಒತ್ತಡ ಇದ್ದಾಗಲೇ ಮುಚ್ಚಳ ಬಿಚ್ಚಲಾಗಿದೆ. ಕುದಿಯ ಮೇಲೆ ಏರಿದ್ದ ನೀರು ಬಾಯಿ ತೆರೆದ ಕೂಡಲೇ ಹಬೆಯಾಗಿ ಉಕ್ಕಿದೆ. ಅಣ್ಣ ಯಾಕೆ ಬಿಚ್ಚಿದ? ಮೂತಿ ಸುಮ್ಮನಿತ್ತು, ಅದಕ್ಕೆ. ಮೂತಿ ಯಾಕೆ ಸುಮ್ಮನಿತ್ತು? ಪೊರಕೆಕಡ್ಡಿ ತೆಗೆದು ಮೂತಿಗೆ ಹಾಕಿದೆ. ಅರ್ಧಕ್ಕೇ ನಿಂತಿತು. ಕೆರೆದೆ. ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದದ್ದು ಒಂದಿಷ್ಟು ಪುಡಿಯಾಗಿ ಉದುರಿತು, ಉಳಿದದ್ದು ಅಲ್ಲೇ ಕಚ್ಚಿಕೊಂಡಿತ್ತು. ಬೆರಳಲ್ಲಿ ಉಜ್ಜಿ ಮೂಸಿದೆ. ರಾಗಿ.

ಅತ್ತಿಗೆ ಹೊರಗೆ ಕೂತ ದಿನಗಳಲ್ಲಿ ಪೀಪಾಯಿಯ ಬೆಂಕಿಯನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದ; ಆ ಸಲ ಲಡಿಗಳು ಹೆಚ್ಚಾಗಿ, ಅವ್ವನನ್ನು ಕೂರಿಸಿದ್ದ. ಬೆಳಿಗ್ಗೆ ಅಣ್ಣ ಲಡಿ ಜಾಲಿಸಲು ಬಾವಿಯ ಹತ್ತಿರ ಹೋಗಿದ್ದ. ಮೂತಿಯ ನಿಯಮವನ್ನು ಅವ್ವನಿಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅವಳು ಅದಕ್ಕೆ ಮುಂಚೆ ಎಂದೂ ಆ ಕೆಲಸಕ್ಕೆ ಬಂದವಳಲ್ಲ. ಅತ್ತಿಗೆ ಒಳಗೆ ಬಂದದ್ದರಿಂದ ಅಣ್ಣನ ಕಣ್ಣು ಹೋಗಲಿಲ್ಲ, ಒಳಗೆ ಬರದಂತೆ ಕೂರಿಸಿದ್ದರಿಂದ ಹೋಯಿತು. ಚರ್ಚಾಕೂಟದಲ್ಲಿ ಇಂಥ ಒಂದು ವಾಕ್ಯ ಸಿಕ್ಕಿದ್ದರೆ ನಾನು ಮೇಜು ಗುದ್ದಿ ಹೇಳಿ ಕೂರುತ್ತಿದ್ದೆ. ಇಲ್ಲಿ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಒಂದೇ: ಹಾಗಾದರೆ ಅವಳ ಬದಲು ಒಳಗಿದ್ದವರು ಯಾರು? ಉದುರಿದ ಪುಡಿಯನ್ನು ಕಾಲಲ್ಲಿ ಮಣ್ಣಿಗೆ ತುಳಿದು ಹೊರಗೆ ಬಂದೆ.

ಅಣ್ಣ ಆಸ್ಪತ್ರೆಯಿಂದ ಬಂದ. ಸಾಸಲಿಗೆ ಹೇಳಿಕಳಿಸುವ ದಿನ ಮಧ್ಯಾಹ್ನ ಎಲ್ಲರೂ ಹಿತ್ತಲ ಜಗಲಿಯಲ್ಲಿ ಕೂತೆವು. ದೊಡ್ಡಪ್ಪ ಕಂಬಕ್ಕೆ ಒರಗಿ, ಅಣ್ಣ ಚಾಪೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವ್ವ ಹೊಸಿಲ ಒಳಗೆ, ಅತ್ತಿಗೆ ಬಾವಿಕಟ್ಟೆಯ ಹತ್ತಿರ ನಿಂತುಕೊಂಡು.

"ದೊಡ್ಡಪ್ಪ, ಒಂದು ಮಾತು ಕೇಳ್ತೀನಿ," ಎಂದೆ. "ಅತ್ತಿಗೆ ಒಳಗೆ ಹೋಗಿದ್ದು ಅಣ್ಣ ಕೂಗಿದ ಮೇಲೋ, ಮುಂಚೇನೋ?"

"ಕೂಗಿದ ಮೇಲೆ."

"ಕೂಗಿದ್ದು ಸುಟ್ಟ ಮೇಲೆ ತಾನೇ? ಆಗಿಹೋದದ್ದಕ್ಕೆ ಆಮೇಲೆ ಬಂದವಳು ಕಾರಣ ಹೆಂಗಾಗ್ತಾಳೆ?"

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು. ಹತ್ತಾರು ಪಂಚಾಯಿತಿ ಮಾಡಿದವರು, ಸಿಟ್ಟಾಗಲಿಲ್ಲ. "ಸರಿ ಕಣಯ್ಯಾ. ಅವಳಲ್ಲ ಅಂತಿಟ್ಕೊ. ಆದ್ರೆ ಇಷ್ಟು ದಿನ ಆಗದೇ ಇದ್ದದ್ದು ಅವತ್ತೇ ಯಾಕಾಯ್ತು? ಅದಕ್ಕೊಂದು ಕಾರಣ ಬೇಕಲ್ಲ, ಅದನ್ನ ನೀನೇ ಹೇಳು. ಓದ್ದೋನು."

ನಾನು ಹೇಳತೊಡಗಿದೆ. ಪೀಪಾಯಿ ಸಿಡಿದಿಲ್ಲ ಎಂದು, ಮುಚ್ಚಿದ ನೀರು ಕುದಿಯ ಮೇಲೆ ಏರುತ್ತದೆ ಎಂದು, ಮೂತಿ ಉಸಿರಾಡುವುದು ನಿಂತರೆ ಮಾತ್ರ ಬಿಚ್ಚಬೇಕು ಎಂದು, ಅವತ್ತು ಮೂತಿ ಕಟ್ಟಿಕೊಂಡು ನಿಂತದ್ದರಿಂದ ಅಣ್ಣ ಮೋಸಹೋದ ಎಂದು. ಎಲ್ಲವನ್ನೂ ಬಿಡಿಬಿಡಿಯಾಗಿ, ಅಕ್ಷರ ಬಾರದವರಿಗೂ ತಿಳಿಯುವ ಹಾಗೆ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿಲ್ಲ. ಕೊನೆಗೆ, "ಹುಣಸೆ ನಾರು ಸಿಕ್ಕಾಕೊಂಡಿರಬೇಕು," ಎಂದು ಮುಗಿಸಿದೆ.

"ನಾರಾದ್ರೆ ಯಾರ ತಪ್ಪೂ ಅಲ್ಲ," ಎಂದರು ದೊಡ್ಡಪ್ಪ. "ತಗೊಂಬಾ ಪೀಪಾಯಿನ, ನೋಡೋಣ."

ತರುವುದಿಲ್ಲ ಎನ್ನಲು ನನ್ನ ಹತ್ತಿರ ಯಾವ ವಾದವೂ ಇರಲಿಲ್ಲ. ತಂದು ಅವರ ಮುಂದೆ ಇಟ್ಟೆ. ಅವರು ಅಡಕೆಕತ್ತರಿಯ ತುದಿಯಿಂದ ಮೂತಿಯನ್ನು ಕೆರೆದರು. ಅಂಗೈಗೆ ಉದುರಿದ್ದನ್ನು ಬಿಸಿಲಿಗೆ ಹಿಡಿದರು. ಅವರ ಹೊಲದ ಬೆಳೆ ಅದು, ಮೂಸಬೇಕಾಗಿರಲಿಲ್ಲ.

"ಇದು ನಾರಲ್ಲ. ರಾಗಿಹಿಟ್ಟು."

"ನಾನೇ ಮೆತ್ತಿದ್ದು," ಎಂದ ಅಣ್ಣ.

ಸುತ್ತಿದ ಬಟ್ಟೆಯ ಕೆಳಗೆ ಬಾಯಿ ಮಾತ್ರ ಕಾಣುತ್ತಿತ್ತು. ಅವನಿಗೆ ಯಾವಾಗ ಹೊಳೆದಿತ್ತೋ ನನಗೆ ಗೊತ್ತಿಲ್ಲ; ಆಸ್ಪತ್ರೆಯಲ್ಲಿ ಮಲಗಿದ್ದಾಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. "ಸೌದೆ ಉಳೀಲಿ ಅಂತ ನಾನೇ ಮೆತ್ತಿದ್ದೆ. ಯಾರನ್ನೂ ಎಲ್ಲಿಗೂ ಕಳ್ಸೋದ್ ಬೇಡ."

ದೊಡ್ಡಪ್ಪ ಅವನನ್ನು ನೋಡಿದರು, ಆಮೇಲೆ ನನ್ನನ್ನು. "ನಿನ್ ತಮ್ಮ ಈಗ್ತಾನೇ ಹೇಳಿದ್ನಲ್ಲಪ್ಪಾ, ಮೂತಿ ಸುಮ್ಮನಿದ್ದದ್ದಕ್ಕೇ ನೀನು ಮುಚ್ಚಳ ಬಿಚ್ಚಿದ್ದು ಅಂತ. ನೀನೇ ಮೂತಿ ಮುಚ್ಚಿದ್ರೆ, ಅದು ಸುಮ್ಮನಿದೆ ಅಂತ ನಂಬಿ ಯಾಕಪ್ಪಾ ಬಿಚ್ಚಿದೆ?"

ನಾನು ಬಾಯಿ ಹಾಕಿದೆ. "ಮರೆತಿರಬಹುದು ದೊಡ್ಡಪ್ಪ."

"ಬೆಳಿಗ್ಗೆ ಮೆತ್ತಿದ್ದನ್ನ ಬೆಳಿಗ್ಗೇನೇ ಮರೆತ್ನಾ?"

"ಹಿಂದಿನ ದಿನ ಮೆತ್ತಿರಬಹುದು."

"ಹಿಂದಿನ ದಿನ ಬಿಚ್ಚಿದಾಗ ಏನೂ ಆಗ್ಲಿಲ್ವಲ್ಲ."

"ಕೆಲಸದ ಗಡಿಬಿಡೀಲಿ..."

"ಸಾಕು ಬಿಡೋ," ಎಂದರು ದೊಡ್ಡಪ್ಪ, ಮೆಲ್ಲಗೆ. ಅವರಿಗೂ ಆ ಹೊತ್ತಿಗೆ ತಿಳಿದುಹೋಗಿತ್ತು, ಮುಂದಕ್ಕೆ ಹೋಗುವ ಮನಸ್ಸಿರಲಿಲ್ಲ. ಯಾವ ಕಡೆ ಬಂದರೂ ಗೆಲ್ಲುತ್ತಿದ್ದವನು ನಾನು. ಅವತ್ತು ಸುಳ್ಳಿನ ಕಡೆ ನಿಂತು ಒಂದು ಹೆಜ್ಜೆ ಮುಂದೆ ಇಡಲಾಗಲಿಲ್ಲ. ಎದುರಿಗೆ ಇದ್ದದ್ದು ನಾನೇ ಐದು ನಿಮಿಷದ ಹಿಂದೆ ಕಟ್ಟಿ ನಿಲ್ಲಿಸಿದ ವಾದ. ಅದರಲ್ಲಿ ಎಲ್ಲೂ ಸಂದಿ ಬಿಟ್ಟಿರಲಿಲ್ಲ.

ಹೊಸಿಲ ಒಳಗಿನಿಂದ ಅವ್ವನ ದನಿ ಬಂತು. "ಅದು ಸುಮ್ನೆ ಹೋಗ್ತಿತ್ತು ಕಣ್ರೋ." ಎದ್ದು ಬಂದು ಹೊಸಿಲ ಮೇಲೆ ನಿಂತಳು. ಯಾರನ್ನೂ ನೋಡದೆ ಪೀಪಾಯಿಯನ್ನೇ ನೋಡುತ್ತಿದ್ದಳು. "ಹಬೆ ಎಲ್ಲ ಸುಮ್ನೆ ಹೋಗ್ತಿತ್ತು. ಸೌದೆ ದಂಡ ಆಗ್ತದಲ್ಲಾ ಅಂತ... ರೊಟ್ಟಿಗೆ ಕಲಸಿದ ಹಿಟ್ಟು ಕೈಲೇ ಇತ್ತು." ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. "ಅದ್ರಿಂದಾನಾ?"

ಪ್ರಶ್ನೆ ನನಗೆ ಕೇಳಿದ್ದು. ಓದಿದವನು ನಾನು. ಅಲ್ಲ ಎಂದರೆ ಸಾಕಿತ್ತು. ನನ್ನ ಬಾಯಿಂದ ಅಲ್ಲ ಎನ್ನುವುದೂ ಬರಲಿಲ್ಲ, ಹೌದು ಎನ್ನುವುದೂ ಬರಲಿಲ್ಲ. ಗೊತ್ತಾಯಿತು ಎನ್ನುವ ಹಾಗೆ ಅವಳು ತಲೆ ಆಡಿಸಿದಳು.

ದೊಡ್ಡಪ್ಪ ಸಂಜೆಯ ಒಳಗೆ ಊರಿಗೆ ಹೊರಟರು. ಹೋಗುವಾಗ ಅತ್ತಿಗೆಯ ಹತ್ತಿರ ನಿಂತು, "ನೀನು ಇಲ್ಲೇ ಇರು ತಾಯಿ, ಅವನನ್ನ ನೋಡ್ಕೋ," ಎಂದರು. ಅತ್ತಿಗೆ ಉಳಿದಳು. ನಾನು ಯಾವುದಕ್ಕಾಗಿ ಮಾತಾಡಲು ನಿಂತಿದ್ದೆನೋ ಅದು ಸಿಕ್ಕಿತು.

ಅವ್ವ ತನ್ನ ಚಾಪೆ, ಉಣ್ಣುವ ತಣಿಗೆ, ನೀರಿನ ಚೆಂಬು ತೆಗೆದುಕೊಂಡು ದನದ ಕೊಟ್ಟಿಗೆಯ ಮೂಲೆಗೆ ಹೋಗಿ ಕೂತಳು. ಮೊದಲ ದಿನ ಅತ್ತಿಗೆ ಕಾಲು ಹಿಡಿದು ಕರೆದಳು. ಅಣ್ಣ ಗೋಡೆ ಹಿಡಿದುಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅವ್ವಾ, ಒಳಗ್ ಬಾ," ಎಂದ. ಅವನ ಮುಖ ಕಂಡೊಡನೆ ಅವಳು ಸೆರಗು ಎಳೆದುಕೊಂಡು ಆ ಕಡೆ ತಿರುಗಿದಳು. ಅವನಿಗೆ ಅದು ಕಾಣುವ ಹಾಗಿರಲಿಲ್ಲ, ನಿಂತೇ ಇದ್ದ. ಆಮೇಲೆ ನಾನು ಕೈಹಿಡಿದು ಒಳಗೆ ಕರೆತಂದೆ.

ಆ ತಿಂಗಳಿಂದ ಅತ್ತಿಗೆ ಹೊರಗೆ ಕೂರುವುದು ನಿಂತುಹೋಯಿತು. ಓದಿದ ನಾನು ಮನೆಯಲ್ಲಿ ಸುಧಾರಣೆ ಮಾಡಿದೆ ಎಂದು ಬೇಕಾದರೆ ಹೇಳಿಕೊಳ್ಳಬಹುದು. ನಿಂತದ್ದು ನನ್ನ ವಾದದಿಂದಲ್ಲ. ಒಲೆಯ ಮುಂದೆ ಬೇರೆ ಯಾರೂ ಇರಲಿಲ್ಲ, ಮೂಲೆಯೂ ಖಾಲಿ ಇರಲಿಲ್ಲ.

ಬಣ್ಣದ ಮನೆಗೆ ಬೀಗ ಬಿತ್ತು. ಯುದ್ಧ ಮುಗಿದು ಆಸಿಡ್ ಸೀಸೆಗಳು ಮತ್ತೆ ಬರತೊಡಗಿದವು, ನಮಗೆ ಬೇಕಾಗಿರಲಿಲ್ಲ. ನಾನು ಓದು ಮುಗಿಸಿ ಇಲ್ಲೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಪೀಪಾಯಿಯನ್ನು ಗುಜರಿಗೆ ಹಾಕೋಣ ಎಂದು ಎರಡು ಸಲ ಹೇಳಿದೆ. ಅಣ್ಣ ಬೇಡವೆಂದ, ಯಾಕೆಂದು ಹೇಳಲಿಲ್ಲ. ಕೆಲವೊಮ್ಮೆ ಬೆಳಿಗ್ಗೆ ಅಡಿಗೆಮನೆಯ ಕಡೆ ಮುಖ ತಿರುಗಿಸಿ, "ಹಬೆ ಹೋಗ್ತಿದೆಯೇನೇ?" ಎಂದು ಕೇಳುತ್ತಾನೆ. ಅತ್ತಿಗೆ, "ಹೋಗ್ತಿದೆ," ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಈಗ ಯಾವ ಪಾತ್ರೆಗೂ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ.

ನಾನು ಕೊಟ್ಟಿಗೆಗೆ ಹೋಗಿ ಅವ್ವನ ಹತ್ತಿರ ಕೂತು ಮಾತಾಡುತ್ತೇನೆ. ಗೊತ್ತಿದ್ದು ಮಾಡಿದ್ದು ತಪ್ಪು, ಗೊತ್ತಿಲ್ಲದೆ ಆದದ್ದು ತಪ್ಪಲ್ಲ ಎನ್ನುತ್ತೇನೆ. ನಿಯಮ ಹೇಳದೇ ಇದ್ದದ್ದು ನಿನ್ನದಲ್ಲ, ಹೇಳಬೇಕಾದವರದು ಎನ್ನುತ್ತೇನೆ. ಅತ್ತಿಗೆಯನ್ನು ಇಲ್ಲಿ ಕೂರಿಸಿದ ಪದ್ಧತಿಯೇ ಮೊದಲ ಕಾರಣ, ನೀನು ಕಡೆಯದು ಎನ್ನುತ್ತೇನೆ. ಅವತ್ತು ಬಣ್ಣದ ಮನೆಯಲ್ಲಿ ನುಂಗಿದ ಆ ವಾಕ್ಯವನ್ನು ಕೊನೆಗೂ ಅವಳಿಗೇ ಹೇಳಿದೆ. ಅವಳು ಎಲ್ಲವನ್ನೂ ಗಮನವಿಟ್ಟು ಕೇಳುತ್ತಾಳೆ. ನಡುವೆ ಬಾಯಿ ಹಾಕುವುದಿಲ್ಲ, ಒಂದಕ್ಕೂ ಎದುರು ಹೇಳುವುದಿಲ್ಲ.

"ಹೂಂ ಕಣಪ್ಪಾ," ಎನ್ನುತ್ತಾಳೆ. "ನೀನು ಹೇಳೋದು ಸರಿ."

ಆಮೇಲೆ ಅತ್ತಿಗೆ ತಂದಿಟ್ಟ ಮುದ್ದೆಯ ತಣಿಗೆಯನ್ನು ಹತ್ತಿರ ಎಳೆದುಕೊಂಡು, ಎಡಗೈಯಲ್ಲಿ ತಿನ್ನುತ್ತಾಳೆ.